ಗೊತ್ತಿಲ್ಲ ಎಂದ ಯಂತ್ರ

ಕಿರಣಿ ಎಂಬ ಯಂತ್ರ ಬಂದ ಮೇಲೆ ಸೂಜಿ ಕಂಡು ಅಳುವ ಮಕ್ಕಳೇ ನಾಡಿನಲ್ಲಿ ಇಲ್ಲವಾಗಿದ್ದರು. ಆಸ್ಪತ್ರೆಯ ಬಾಗಿಲಲ್ಲಿ, ಶಾಲೆಯ ಪಡಸಾಲೆಯಲ್ಲಿ, ಬಸ್ ನಿಲ್ದಾಣದ ಕಂಬದಲ್ಲಿ, ಎಲ್ಲಿ ನೋಡಿದರೂ ಅಂಗೈಯಗಲದ ಒಂದು ಗಾಜಿನ ಕಣ್ಣು. ಅದರ ಮುಂದೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತರೆ ಸಾಕು. ಕಣ್ಣಿಗೆ ಕಾಣದ ಬೆಳಕು ಮೈಗೆ ಬಡಿದು, ಚರ್ಮದಡಿಯ ನೆತ್ತರನ್ನು ಮುಟ್ಟಿ ಮರಳಿ ಬರುತ್ತಿತ್ತು. ಹೋಗುವಾಗ ಎಷ್ಟಿತ್ತು, ಬರುವಾಗ ಯಾವ ಬಣ್ಣ ಎಷ್ಟು ಕಡಿಮೆಯಾಯಿತು ಎಂದು ಲೆಕ್ಕ ಹಾಕಿ, ನೆತ್ತರಿನಲ್ಲಿ ಕಬ್ಬಿಣ, ಆಮ್ಲಜನಕ, ಸಕ್ಕರೆ ಎಷ್ಟಿವೆ ಎಂದು ಯಂತ್ರ ತಿಳಿಯುತ್ತಿತ್ತು. ಆಮೇಲೆ ದೀಪ ಹೊತ್ತಿಸುತ್ತಿತ್ತು. ಹಸಿರೆಂದರೆ ಆರೋಗ್ಯ. ಹಳದಿಯೆಂದರೆ ವೈದ್ಯರನ್ನು ಕಾಣಬೇಕು. ಕೆಂಪೆಂದರೆ ಈಗಲೇ ಒಳಗೆ.

ಯಾರಿಗೆ ಮೊದಲು ಹಾಸಿಗೆ, ಯಾರು ಮನೆಗೆ ಹೋಗಬಹುದು ಎಂಬುದನ್ನೆಲ್ಲ ಆ ದೀಪವೇ ತೀರ್ಮಾನಿಸುತ್ತಿತ್ತು. ಜನಕ್ಕೆ ಅದು ಬಹಳ ಹಿಡಿಸಿತು. ಮುಖ ನೋಡಿ ಮಣೆ ಹಾಕುವ ಕಾಲ ಮುಗಿಯಿತು, ಯಂತ್ರಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ, ವಶೀಲಿ ಅದರ ಹತ್ತಿರ ನಡೆಯುವುದಿಲ್ಲ ಎಂದು ಪತ್ರಿಕೆಗಳು ಬರೆದವು.

ನತಾಲಿನಾ ಸಿದ್ದಿಯೂ ಹಾಗೆಯೇ ನಂಬಿದ್ದಳು. ನಂಬಿದ್ದರಿಂದಲೇ ಬೆಳಕಿನ ಭೌತಶಾಸ್ತ್ರ ಓದಿ, ಹುಬ್ಬಳ್ಳಿಯ ಕಿರಣಿ ಕೇಂದ್ರದಲ್ಲಿ ಯಂತ್ರದ ಅಳತೆಗಳನ್ನು ಪರೀಕ್ಷಿಸುವ ವಿಜ್ಞಾನಿಯಾಗಿ ಸೇರಿದ್ದಳು. ಅವಳ ಪೂರ್ವಿಕರು ಆಫ್ರಿಕದಿಂದ ಗುಲಾಮರಾಗಿ, ಸಿಪಾಯಿಗಳಾಗಿ ಈ ನೆಲಕ್ಕೆ ಬಂದು ಶತಮಾನಗಳೇ ಕಳೆದಿದ್ದವು. ಹಳಿಯಾಳದ ಕಡೆ ಬೇರುಬಿಟ್ಟು, ಕನ್ನಡ ಕೊಂಕಣಿ ಎರಡನ್ನೂ ತಮ್ಮದಾಗಿಸಿಕೊಂಡವರು. ಆದರೂ ಹುಬ್ಬಳ್ಳಿಯ ಲಿಫ್ಟಿನಲ್ಲಿ ಅವಳ ಗುಂಗುರು ಕೂದಲು, ಕಡುಗಪ್ಪು ಮೈ ಕಂಡವರು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಿದ್ದರು. "ನಾನು ಹಳ್ಯಾಳದಾಕಿರೀ" ಅಂದರೆ, "ಅಬ್ಬಾ, ಕನ್ನಡ ಎಷ್ಟ್ ಚಲೋ ಮಾತಾಡ್ತೀರಿ!" ಎಂದು ಬೆರಗಾಗುತ್ತಿದ್ದರು. ಫೋನಿನಲ್ಲಿ ಖಾಲಿ ಇದ್ದ ಬಾಡಿಗೆ ಮನೆ ಅವಳು ಬಾಗಿಲಿಗೆ ಹೋಗುವಷ್ಟರಲ್ಲಿ ತುಂಬಿಬಿಟ್ಟಿರುತ್ತಿತ್ತು. ಮನುಷ್ಯರ ಕಣ್ಣಿನ ಹಣೆಬರಹವೇ ಇಷ್ಟು, ಯಂತ್ರದ ಕಣ್ಣಾದರೂ ನೆಟ್ಟಗಿದೆಯಲ್ಲ ಎಂಬುದು ಅವಳ ಸಮಾಧಾನವಾಗಿತ್ತು.

ಆ ಸಮಾಧಾನ ಮುರಿದುಬಿದ್ದದ್ದು ತಂಗಿಯಿಂದ.

ಒಂದು ಭಾನುವಾರ ನತಾಲಿನಾ ತವರೂರು ಬಿದರಗಾಳಿಗೆ ಹೋದಾಗ, ತುಂಬುಬಸುರಿ ಇನಾಸಿನಾ ಅಡುಗೆಮನೆಯ ಗೋಡೆಗೊರಗಿ ಕೂತು ಮುಷ್ಟಿಯಲ್ಲಿ ಹಸಿ ಅಕ್ಕಿ ಹಿಡಿದು ಕುಟುಕುಟು ಅಗಿಯುತ್ತಿದ್ದಳು. ಅಕ್ಕನನ್ನು ಕಂಡು ಎದ್ದು ಬಂದವಳು ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟು ಕಂಬ ಹಿಡಿದುಕೊಂಡಳು.

"ಇದೇನವ್ವಾ, ಹಿಂಗ್ಯಾಕ ಆಗೇತಿ ಇಕಿಗೆ?" ನತಾಲಿನಾ ತಾಯಿಯತ್ತ ತಿರುಗಿದಳು.

ತಾಯಿ ಕಾಯ್ತಾನಿ ರೊಟ್ಟಿ ಬಡಿಯುತ್ತಲೇ ಹೇಳಿದಳು. "ನಂಗೂ ಅದ ಚಿಂತಿ ಹತ್ತೇತಿ ನತು. ಆದ್ರ ಪ್ರತಿ ಸಲ ಆಸ್ಪತ್ರಿಗೆ ಹೋದಾಗೂ ನಿಮ್ಮ ಯಂತ್ರ ಹಸರ ತೋರಸೇತಿ. ನರ್ಸಬಾಯಿ ನಗತಾಳ. ಸಿದ್ದ್ಯಾರ ಮೈ ಕಲ್ಲಿನಂಗ, ನಿಮಗ್ಯಾಕ ಚಿಂತಿ ಅಂತಾಳ."

"ಬರೇ ಹಸರ ಅಲ್ಲಕ್ಕಾ," ಇನಾಸಿನಾ ಸಣ್ಣಗೆ ನಕ್ಕಳು. "ಬ್ಯಾರೆದವರಿಗೆ ಜಲ್ದಿ ಹತ್ತತೈತಿ. ನಮ್ಮನ್ನ ನೋಡೂಮುಂದ ಭಾಳ ಹೊತ್ತು ತಿಣುಕತೈತಿ. ಆಮ್ಯಾಲೆ ಹಸರ."

"ನಮ್ಮೂರಾಗ ಯಾರಿಗರೆ ಹಳದಿ ಬಂದೈತೇನು?"

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಇಲ್ಲ. ಬಿದರಗಾಳಿಯಲ್ಲಿ ಯಾರಿಗೂ ಒಮ್ಮೆಯೂ ಹಳದಿ ಬಂದಿರಲಿಲ್ಲ. ಕೆಮ್ಮಿ ಕೆಮ್ಮಿ ಸತ್ತ ಚಿಕ್ಕಪ್ಪನಿಗೂ ಹಸಿರೇ.

ಎಷ್ಟೇ ಗಟ್ಟಿ ಜನರಿರಲಿ, ಒಬ್ಬರಿಗೂ ರೋಗವೇ ಬಾರದ ಊರು ಭೂಮಿಯ ಮೇಲೆಲ್ಲೂ ಇರಲಾರದು. ನತಾಲಿನಾ ರೊಟ್ಟಿಗೂ ಕೂರದೆ ತಂಗಿಯನ್ನು ಜೀಪಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟಳು.

ಆಸ್ಪತ್ರೆಯ ಬಾಗಿಲಲ್ಲಿ ಕಿರಣಿ ತಂಗಿಯನ್ನು ನೋಡಿತು. ತಿಣುಕಿತು. ಹಸಿರು ಹೊತ್ತಿಸಿತು. ಬಾಗಿಲು ಕಾಯುವವನು ಆಗಲೇ ಮುಂದಿನವರನ್ನು ಕರೆಯುತ್ತಿದ್ದ. ನತಾಲಿನಾ ಅವನನ್ನು ದಾಟಿ ನೇರ ವೈದ್ಯೆಯ ಕೋಣೆಗೆ ನುಗ್ಗಿದಳು. ಡಾ. ಮಧುಮತಿ ಅಂಗಡಿ ಆ ಆಸ್ಪತ್ರೆಗೆ ಹೊಸಬಳು, ವಯಸ್ಸಿನಲ್ಲೂ ಚಿಕ್ಕವಳು.

"ಹಸರ ಬಂದವರನ್ನ ಸೇರಿಸ್ಕೊಳ್ಳೂ ಹಂಗಿಲ್ರೀ," ಎಂದಳು ಮೆಲುದನಿಯಲ್ಲಿ. "ನಿಯಮ ಹಂಗೈತಿ."

"ಆ ಯಂತ್ರ ಪರೀಕ್ಷೆ ಮಾಡಾಕಿ ನಾನರೀ. ಒಂದ ನಿಮಿಷ ಅದನ್ನ ಮರತುಬಿಡ್ರಿ. ನಿಮ್ಮ ಸ್ವಂತ ಕಣ್ಣಲೇ ನೋಡ್ರಿ." ನತಾಲಿನಾ ತಂಗಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಕ್ಕೆಳೆದಳು.

ಕೆಂಪಗಿರಬೇಕಾದ ರೆಪ್ಪೆಯ ಒಳಭಾಗ ಸುಣ್ಣ ಬಳಿದಂತೆ ಬೆಳ್ಳಗಿತ್ತು.

ಮಧುಮತಿ ಥಟ್ಟನೆ ಎದ್ದಳು. ಸೂಜಿ ಹುಡುಕಲು ಮೂರು ಕಪಾಟು ತಡಕಾಡಬೇಕಾಯಿತು. ಕಿರಣಿ ಬಂದ ಮೇಲೆ ಅವು ಮೂಲೆ ಸೇರಿದ್ದವು. ರಕ್ತ ತೆಗೆದು ಹಳೆಯ ಪದ್ಧತಿಯಲ್ಲಿ ಪರೀಕ್ಷಿಸಿದ ವೈದ್ಯೆ ಲೆಕ್ಕವನ್ನು ಎರಡೆರಡು ಸಲ ನೋಡಿದಳು. ಆರೋಗ್ಯವಂತ ಹೆಣ್ಣಿನ ನೆತ್ತರಿನಲ್ಲಿ ಇರಬೇಕಾದದ್ದರ ಅರ್ಧವೂ ಇನಾಸಿನಾಳಲ್ಲಿ ಇರಲಿಲ್ಲ. "ಹೆರಿಗಿಯೊಳಗ ಒಂದ ಬೊಗಸಿ ರಕ್ತ ಹೋಗಿದ್ರೂ..." ಎಂದು ಶುರುಮಾಡಿದವಳು ಮಾತು ಮುಗಿಸದೆ ರಕ್ತದ ಬಾಟಲಿಗಾಗಿ ಓಡಿದಳು.

ಇನಾಸಿನಾ ಆಸ್ಪತ್ರೆಯಲ್ಲೇ ಉಳಿದಳು. ಅವಳ ಮೈಗೆ ಹನಿಹನಿಯಾಗಿ ರಕ್ತ ಇಳಿಯುವುದನ್ನು ನೋಡುತ್ತ ಕೂತಿದ್ದ ನತಾಲಿನಾಳಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಆ ಸಿಟ್ಟನ್ನು ಹೊತ್ತುಕೊಂಡೇ ಅವಳು ಹುಬ್ಬಳ್ಳಿಗೆ ಮರಳಿದಳು.

ಕಿರಣಿ ತಿಣುಕುವಾಗ ಒಳಗೆ ಏನು ನಡೆಯುತ್ತದೆ? ಪ್ರಯೋಗಾಲಯದಲ್ಲಿ ಒಂದು ಯಂತ್ರವನ್ನು ಬಿಚ್ಚಿ, ತನ್ನದೇ ಮುಂಗೈ ಅದರ ಮುಂದಿಟ್ಟು, ಅದರ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಿದಾಗ ಅವಳಿಗೆ ಗುಟ್ಟು ಸಿಕ್ಕಿತು. ಚರ್ಮಕ್ಕೆ ಕಪ್ಪು ಕೊಡುವ ವಸ್ತು ಬೆಳಕನ್ನು ಕುಡಿದುಬಿಡುತ್ತದೆ. ನೆತ್ತರನ್ನು ಮುಟ್ಟಿ ಮರಳುವ ಬೆಳಕು ತೀರ ಕಡಿಮೆ. ಕಾಣದೆ ಹೋದಾಗ ಕಾಣುತ್ತಿಲ್ಲ ಎಂದು ಯಂತ್ರ ಹೇಳಬೇಕಿತ್ತು. ಆದರೆ ಉತ್ತರವಿಲ್ಲದೆ ದೀಪ ಆರಿಯೇ ಇದ್ದರೆ ಜನ ಬೇಸರಪಡುತ್ತಾರೆಂದು, ಕಾಣದ ಜಾಗವನ್ನು ಊಹೆಯಿಂದ ತುಂಬುವ ವಿದ್ಯೆಯನ್ನು ಅದಕ್ಕೆ ಕಲಿಸಲಾಗಿತ್ತು. ಊಹೆಗೆ ಆಧಾರ ಮೊದಲ ಪರೀಕ್ಷೆಗಳಲ್ಲಿ ಅದರ ಮುಂದೆ ನಿಂತ ಜನ. ಅವರೆಲ್ಲ ನೆರಳಲ್ಲಿ ಕೂತು ಕೆಲಸ ಮಾಡುವ, ಹೊಟ್ಟೆ ತುಂಬ ಉಣ್ಣುವ, ತಿಳಿಬಣ್ಣದ ಜನ. ಅಂದರೆ ಇನಾಸಿನಾಳ ಮೈಯೊಳಗೆ ಯಾರದೋ ಆರೋಗ್ಯವನ್ನು ತುಂಬಿ, ಅದಕ್ಕೆ ಹಸಿರು ದೀಪ ಹೊತ್ತಿಸಲಾಗಿತ್ತು.

ಕೇಂದ್ರದ ಮುಖ್ಯಸ್ಥ ಡಾ. ವಿಶ್ವಂಭರ ಕುಲಗೋಡ ಕಿರಣಿಯನ್ನು ಸ್ವಂತ ಮಗುವಿನಂತೆ ಬೆಳೆಸಿದ್ದರು. ಕೆಟ್ಟವರಲ್ಲ. ಅವಳ ಮಾತನ್ನು ಪೂರ್ತಿ ಕೇಳಿದರು. ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡವಾ ನತಾಲಿನಾ, ನಿನ್ನ ತಂಗಿ ವಿಷಯ ಕೇಳಿ ಭಾಳ ಬ್ಯಾಸರಾತು. ಮುಂದಿನ ಮಾದರಿಯೊಳಗ ಇದನ್ನ ಸರಿ ಮಾಡೂಣು. ಆದ್ರ ನಿಮ್ಮ ಜನ ಇಡೀ ರಾಜ್ಯದಾಗ ಎಷ್ಟ ಮಂದಿ ಅದಾರ? ಹಿಡಿಯಷ್ಟ. ಹಿಡಿಯಷ್ಟ ಜನಕ್ಕ ತಪ್ಪತೈತಿ ಅಂತ ಕೋಟಿಗಟ್ಟಲೆ ಜನರ ನಂಬಿಕಿ ಕೆಡಸೂದೇನು?"

"ಹಿಡಿಯಷ್ಟ ಅಂತ ನಿಮಗ ಹೆಂಗ ಗೊತ್ತು ಸರ್?"

"ಅಂದ್ರ?"

"ಯಂತ್ರಕ್ಕ ಕಾಣದೇ ಇರೋವ್ರು ಎಷ್ಟ ಮಂದಿ ಅಂತ ಯಾರೂ ಎಣಿಸಿಲ್ಲಲ್ಲ. ಊಹೆ ತುಂಬೂದನ್ನ ಬಂದ್ ಮಾಡಿ ನೋಡೂಣು. ಕಾಣದಿದ್ರ ಬಿಳಿ ದೀಪ ಹತ್ತಲಿ. ಬಿಳಿ ಅಂದ್ರ ಗೊತ್ತಿಲ್ಲ ಅಂತ."

"ಗೊತ್ತಿಲ್ಲ ಅನ್ನೂ ಯಂತ್ರ ಯಾರಿಗೆ ಬೇಕು?" ಕುಲಗೋಡರು ಎದ್ದುಬಿಟ್ಟರು. "ಬ್ಯಾಡ. ಇದು ಇಲ್ಲಿಗೆ ಮುಗೀತು."

ಮುಗಿಯಲಿಲ್ಲ. ಅಳತೆಯ ಮೇಲೆ ಗಂಭೀರ ಅನುಮಾನ ಬಂದರೆ ಯಾರನ್ನೂ ಕೇಳದೆ ಯಂತ್ರದ ಲೆಕ್ಕ ನಿಲ್ಲಿಸುವ ಅಧಿಕಾರ ಪರೀಕ್ಷಾ ವಿಜ್ಞಾನಿಗಿತ್ತು. ಅದನ್ನು ಈವರೆಗೆ ಯಾರೂ ಬಳಸಿರಲಿಲ್ಲ. ಬಳಸಿದರೆ ಕೆಲಸ ಹೋಗಬಹುದೆಂಬುದು ನತಾಲಿನಾಳಿಗೆ ಗೊತ್ತಿತ್ತು. ಈ ಹುದ್ದೆಗೆ ಬರಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಮರುದಿನ ಬೆಳಗ್ಗೆ ಆಸ್ಪತ್ರೆಗೆ ಫೋನ್ ಮಾಡಿದಳು.

"ಹೆಂಗದೀಯೇ?"

"ಅಕ್ಕಾ, ಇವತ್ತ ಮೆಟ್ಟಿಲ ಹತ್ತಿದ್ನಿ," ಇನಾಸಿನಾಳ ದನಿಯಲ್ಲಿ ಜೀವ ಬಂದಿತ್ತು. "ಇಷ್ಟ ದಿನ ನಾನ ಮೈಗಳ್ಳಿ ಅಂತ ತಿಳಕೊಂಡಿದ್ನಿ ನೋಡು. ಮೈಯಾಗ ರಕ್ತನ ಇರಲಿಲ್ಲ!"

ಫೋನಿಟ್ಟು ನತಾಲಿನಾ ನಿಯಂತ್ರಣ ಕೋಣೆಗೆ ನಡೆದಳು. ಅಲ್ಲಿ ಗೋಡೆಯಗಲಕ್ಕೂ ರಾಜ್ಯದ ನಕ್ಷೆ. ಬೀದರಿನಿಂದ ಚಾಮರಾಜನಗರದವರೆಗೆ ಪ್ರತಿ ಕಿರಣಿಗೂ ಒಂದೊಂದು ಚುಕ್ಕಿ. ಅದು ಕಡೆಯದಾಗಿ ನೋಡಿದವರ ದೀಪದ ಬಣ್ಣ ಆ ಚುಕ್ಕಿಗೆ. ಗೋಡೆ ಮಳೆಗಾಲದ ಗದ್ದೆಯಂತೆ ಹಸಿರು ಹಸಿರಾಗಿತ್ತು. ಕೋಣೆಯ ತುಂಬ ಜನರಿದ್ದರು, ಕುಲಗೋಡರೂ ಇದ್ದರು. ಅವಳು ಅವರಿಗೆ ಕೇಳುವಂತೆಯೇ ಹೇಳಿದಳು. "ಸರ್, ಅಳತಿ ಮ್ಯಾಲೆ ನನಗ ಅನುಮಾನ ಐತಿ. ಊಹೆ ನಿಲ್ಲಸಾಕತ್ತೇನಿ."

ಕುಲಗೋಡರು ಕುರ್ಚಿಯಿಂದ ಏಳುವಷ್ಟರಲ್ಲಿ ಅವಳು ಆಜ್ಞೆ ಕೊಟ್ಟಾಗಿತ್ತು.

ಮೊದಲು ಹಳಿಯಾಳದ ಸುತ್ತ ಒಂದಷ್ಟು ಬಿಳಿ ಚುಕ್ಕಿ ಮೂಡಿದವು. ಯಾರೋ "ಇಷ್ಟೇನಾ" ಎಂದರು. ಅಷ್ಟರಲ್ಲಿ ಕಾರವಾರದಿಂದ ಕುಂದಾಪುರದವರೆಗೆ ಮೀನುಗಾರರ ಬಂದರುಗಳು ಬೆಳ್ಳಗಾದವು. ಆಮೇಲೆ ರಾಯಚೂರು, ಕಲಬುರಗಿ, ಹತ್ತಿ ಬಿಡಿಸುವ ಹೊಲಗಳ ಊರುಗಳು. ಇಟ್ಟಿಗೆ ಭಟ್ಟಿಗಳ ಬದಿಯ ಶಾಲೆಗಳು. ಕಬ್ಬು ಕಡಿಯುವವರ ಗುಡಿಸಲು ಸಾಲು. ರಸ್ತೆಗೆ ಡಾಂಬರು ಹಾಕುವವರು ಹತ್ತುವ ಬಸ್ ನಿಲ್ದಾಣಗಳು. ನಗರಗಳ ಅಂಚಿನ ಕೇರಿಗಳು. ಕಪ್ಪಗೆ ಹುಟ್ಟಿದವರು, ಬಿಸಿಲಲ್ಲಿ ದುಡಿದು ಕಪ್ಪಾದವರು, ಯಂತ್ರಕ್ಕೆ ಎಂದೂ ಕಾಣದೇ ಉಳಿದವರೆಲ್ಲ ನೋಡನೋಡುತ್ತಿದ್ದಂತೆ ಗೋಡೆಯ ಮೇಲೆ ಎದ್ದು ನಿಂತರು. ಹಸಿರು ಅಲ್ಲೊಂದು ಇಲ್ಲೊಂದು ತೇಪೆಯಷ್ಟೇ ಉಳಿಯಿತು.

ಕೋಣೆಯ ಎಲ್ಲ ಫೋನುಗಳೂ ಒಟ್ಟಿಗೇ ಬಡಿದುಕೊಳ್ಳತೊಡಗಿದವು.

ಕುಲಗೋಡರು ಒಂದನ್ನೂ ಎತ್ತಲಿಲ್ಲ. ಎದ್ದು ಬಾಗಿಲ ಬಳಿ ತೂಗುಹಾಕಿದ್ದ ಕಿರಣಿಯ ಮುಂದೆ ಹೋಗಿ ನಿಂತರು. ಅವರೂ ಎಣ್ಣೆಗಪ್ಪು ಮೈಬಣ್ಣದವರೇ. ಗೋಕಾಕದ ಕಡೆ ಹೊಲದ ಕೆಲಸ ಮಾಡಿಕೊಂಡೇ ಓದಿ ಮೇಲೆ ಬಂದವರು. ಕಿರಣಿ ಅವರನ್ನು ನೋಡಿತು. ಬಿಳಿ ದೀಪ ಹೊತ್ತಿಸಿತು.

ಅವರು ಹಿಂದೆ ಸರಿದು ಮತ್ತೊಮ್ಮೆ ನಿಂತರು, ಮತ್ತೆ ಬಿಳಿಯೇ. "ನಾ ಹುಟ್ಟಿಸಿದ ಯಂತ್ರಕ್ಕ ನಾನ ಕಾಣವಲ್ನಿ," ಎಂದರು ಕೊನೆಗೆ.

ಅಂದು ಸಂಜೆಯೇ ಆಡಳಿತ ಮಂಡಳಿ ನತಾಲಿನಾಳನ್ನು ಕೆಲಸದಿಂದ ದೂರ ಇಡಲು ಹೊರಟಿತು. ಕುಲಗೋಡರು ಅಡ್ಡ ನಿಂತರು. ಅವಳನ್ನು ಕಳಿಸುವುದಾದರೆ ತನ್ನನ್ನೂ ಕಳಿಸಿ, ಬಿಳಿ ದೀಪ ಮಾತ್ರ ಆರುವುದಿಲ್ಲ ಎಂದರು. ಸರ್ಕಾರಕ್ಕೂ ಬೇರೆ ದಾರಿಯಿರಲಿಲ್ಲ. ಬಿಳಿ ಕಂಡ ಜನ ಆಸ್ಪತ್ರೆಗಳ ಮುಂದೆ ನೆರೆದಿದ್ದರು. ಸೂಜಿಗಳು ಮತ್ತೆ ಕಪಾಟಿನಿಂದ ಹೊರಬಂದವು.

ಹುಬ್ಬಳ್ಳಿಯ ರಕ್ತಪರೀಕ್ಷೆಯ ಸಾಲಿನಲ್ಲಿ ನತಾಲಿನಾಳೂ ನಿಂತಳು. ಹಿಂದೆ ಕಾಯಿಪಲ್ಯದ ಗಾಡಿಯ ಹೆಂಗಸು, ಮುಂದೆ ಮುಖಕ್ಕೆ ದಪ್ಪಗೆ ಪೌಡರ್ ಬಳಿದಿದ್ದ ಕಾಲೇಜು ಹುಡುಗಿ, ಅವಳ ಮುಂದೆ ಕರಿ ಕೋಟಿನ ವಕೀಲರೊಬ್ಬರು. ಹುಡುಗಿ ಹಿಂತಿರುಗಿ ಕೇಳಿದಳು. "ನೀವೂ ನಮ್ಮ ಸಾಲೇನ್ರೀ?"

ನಮ್ಮ ಸಾಲು. ಆ ಊರಿಗೆ ಬಂದಂದಿನಿಂದ ಅವಳನ್ನು ಯಾರೂ ಹಾಗೆ ತಮ್ಮೊಳಗೆ ಸೇರಿಸಿಕೊಂಡು ಕೇಳಿರಲಿಲ್ಲ. "ಹೂಂನವಾ," ಎಂದಳು ನತಾಲಿನಾ. "ನಮ್ಮದ ಸಾಲು."

ಪರೀಕ್ಷೆಗಳ ಫಲಿತಾಂಶ ಬಂದಾಗ ನಾಡು ಬೆಚ್ಚಿತು. ಬಿಳಿ ಕಂಡ ಹೆಂಗಸರಲ್ಲಿ ಮೂವರಿಗೊಬ್ಬರಂತೆ ರಕ್ತಹೀನತೆ. ವರ್ಷಗಟ್ಟಲೆ ಹಸಿರು ಕಂಡು ಮನೆಗೆ ಮರಳಿದವರು ಇವರು. ಹಸಿರು ಹೆಚ್ಚಿರುವ ಕಡೆ ಆಸ್ಪತ್ರೆ ಬೇಡವೆಂದು ಹಾಸಿಗೆಗಳನ್ನು ಬೇರೆಡೆಗೆ ಸಾಗಿಸಿದ್ದೂ ಬಯಲಾಯಿತು. ಅವು ಮರಳಿ ಬಂದವು, ಜೊತೆಗೆ ರಕ್ತನಿಧಿಗಳೂ. ಡಾ. ಮಧುಮತಿಯ ಕೈಯಲ್ಲಿ ಇನಾಸಿನಾ ಗುಂಡುಗುಂಡಾದ ಹೆಣ್ಣುಮಗು ಹೆತ್ತಳು. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಈಗ ಕಪ್ಪು ಮೈಯನ್ನು ಕಾಣಬಲ್ಲ ಕಿರಣಿ ಬೇಕಿತ್ತು. ನತಾಲಿನಾಳಿಗೆ ಉಪಾಯ ಹೊಳೆದಿತ್ತು. ಚರ್ಮದ ಮೇಲ್ಪದರಕ್ಕೆ ಬಡಿದ ಬೆಳಕು ಥಟ್ಟನೆ ಹಿಂತಿರುಗುತ್ತದೆ, ಆಳಕ್ಕಿಳಿದದ್ದು ತುಸು ತಡವಾಗಿ ಬರುತ್ತದೆ. ಬೇಗ ಬಂದದ್ದನ್ನು ಬಿಟ್ಟು, ತಡವಾಗಿ ಬಂದದ್ದನ್ನು ಮಾತ್ರ ಹೆಕ್ಕಿಕೊಂಡರೆ ಚರ್ಮದ ಬಣ್ಣ ದಾರಿಗೆ ಅಡ್ಡ ಬರುವುದಿಲ್ಲ. ಕಪ್ಪು ಕುಡಿಯಲಾರದ ಕೆಂಪಿನಾಚೆಯ ಬೆಳಕನ್ನು ಬಳಸಿದರೆ ಇನ್ನೂ ಒಳ್ಳೆಯದು. ಆದರೆ ಈ ಸಲ ಯಂತ್ರ ಮೊದಲ ಪಾಠವನ್ನು ಅತಿ ಕಪ್ಪು ಮೈಗಳಿಂದಲೇ ಕಲಿಯಬೇಕಿತ್ತು. ಅವಳು ಬಿದರಗಾಳಿಗೆ ಹೋಗಿ ಊರವರನ್ನು ಕೂಡಿಸಿದಳು.

ದುಮಿಂಗಾ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು. ಊರಿನಲ್ಲಿ ಅವಳ ಮಾತಿಗೆ ಎದುರಿಲ್ಲ.

"ನಾ ಸಣ್ಣಾಕಿ ಇದ್ದಾಗ ಒಂದಷ್ಟ ಮಂದಿ ಬಂದ್ರು. ನಮ್ಮ ಮೂಗ ಅಳದ್ರು, ತಲಿ ಅಳದ್ರು, ರಕ್ತ ತಗದ್ರು, ಬಿಸ್ಕೀಟ ಕೊಟ್ಟು ಹೋದ್ರು. ಮತ್ತ ಈ ಕಡೆ ತಲಿ ಹಾಕಲಿಲ್ಲ. ಆಮ್ಯಾಲೆ ಇನ್ನಷ್ಟ ಮಂದಿ ಬಂದು, ಸಿದ್ದ್ಯಾರು ಚಿರತಿ ಹಂಗ ಓಡ್ತಾರ ಅಂತ ನನ್ನ ಮಗನ್ನ ಓಟದ ತರಬೇತಿಗೆ ಕರಕೊಂಡು ಹೋದ್ರು. ಮೊಣಕಾಲ ಮುರಕೊಂಡ ಮ್ಯಾಲೆ ಬಸ್ ಹತ್ತಿಸಿ ಕಳಿಸಿದ್ರು. ಓಡಾಕ ನಮ್ಮ ಕಾಲ ಬೇಕು, ಅಳಿಯಾಕ ನಮ್ಮ ಮೂಗ ಬೇಕು. ನಾವು ಯಾವಾಗ ಬೇಕವಾ ನಿಮಗ?"

ನತಾಲಿನಾ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದಳು. ಅದನ್ನೆಲ್ಲ ನುಂಗಿಕೊಂಡಳು. "ನೀವು ಶರತ್ತ ಹೇಳ್ರಿ ಅಜ್ಜಿ. ಒಪ್ಪಿಗಿ ಆಗದಿದ್ರ ನಾ ಸುಮ್ಮನ ಉಂಡು ವಾಪಸ್ ಹೋಗ್ತೇನಿ."

ಅಜ್ಜಿ ಅವಳನ್ನು ದಿಟ್ಟಿಸಿದಳು. ಶರತ್ತುಗಳು ಒಂದೊಂದಾಗಿ ಬಂದವು. ತಮ್ಮ ಮೈಯ ಅಳತೆ ತಮ್ಮ ಒಪ್ಪಿಗೆಯಿಲ್ಲದೆ ಊರು ದಾಟಬಾರದು. ಯಂತ್ರ ನಡೆಸುವುದನ್ನು ಊರಿನ ಹುಡುಗಿಯರಿಗೇ ಕಲಿಸಬೇಕು. ಹೊಸ ಯಂತ್ರ ಬೆಂಗಳೂರಿಗೆ ಹೋಗುವ ಮೊದಲು ಬಿದರಗಾಳಿಗೆ ಬರಬೇಕು. "ಮತ್ತ ನಂಗ ಸೇರದಿದ್ರ ಅದನ್ನ ನಾನ ಕೈಯಾರ ಆರಸ್ತೇನಿ," ಎಂದು ಅಜ್ಜಿ ಮುಗಿಸಿದಳು. ಹುಬ್ಬಳ್ಳಿಯಲ್ಲಿ ಕುಲಗೋಡರು ಎಲ್ಲಕ್ಕೂ ಹೂಂ ಎಂದರು. ಸರ್ಕಾರ ಗೊಣಗುತ್ತಲೇ ಒಪ್ಪಿತು.

ಕೆಲಸ ಸಲೀಸಾಗಿ ಸಾಗಲಿಲ್ಲ. ಮೊದಲ ಮಾದರಿ ಕಂಡಕಂಡವರಿಗೆಲ್ಲ ಕೆಂಪು ತೋರಿಸಿ, ಎತ್ತಿನಂತಿದ್ದ ಲಾರಿ ಚಾಲಕನೊಬ್ಬನನ್ನು ಅಲ್ಲೇ ಕುಸಿದು ಕೂರುವಂತೆ ಮಾಡಿತು. ಎರಡನೆಯದಕ್ಕೆ ಬಿಸಿಲು ಬಿದ್ದರೆ ಕಣ್ಣು ಕತ್ತಲೆ. ಕಾರವಾರದ ಮೀನುಗಾರರು, ಕಲಬುರಗಿಯ ಹತ್ತಿ ಬಿಡಿಸುವವರು, ಬಿದರಗಾಳಿಯ ಸಿದ್ದಿಗಳು ಬಂದು ಬಂದು ಅದರ ಮುಂದೆ ನಿಂತರು. ಪ್ರತಿ ಸಲವೂ ಸೂಜಿಯ ಲೆಕ್ಕದೊಂದಿಗೆ ಹೋಲಿಸಿ, ತಿದ್ದಿ, ಮತ್ತೆ ನಿಲ್ಲಿಸಿ, ಕಡೆಗೆ ಒಂದು ದಿನ ಎರಡು ಲೆಕ್ಕಗಳೂ ಕೂಡಿಬಂದವು. ಕಪ್ಪು ಮೈಯಲ್ಲೂ, ಕಂದು ಮೈಯಲ್ಲೂ, ಬಿಳಿ ಮೈಯಲ್ಲೂ ಒಂದೇ ಸಮ. ಪ್ರಯೋಗಾಲಯದಲ್ಲಿ ಕುಲಗೋಡರು ಮಕ್ಕಳಂತೆ ಚಪ್ಪಾಳೆ ತಟ್ಟಿದರು.

ಬಿದರಗಾಳಿಯ ಶಾಲೆಯ ಅಂಗಳದಲ್ಲಿ ಹೊಸ ಕಿರಣಿ ನಿಂತ ದಿನ ಚಪ್ಪರ ಹಾಕಿದ್ದರು. ನತಾಲಿನಾಳ ತಾಯಿ ಕಾಯ್ತಾನಿ ಮತ್ತು ನೆರೆಹೊರೆಯವರು ಊರಿಗೆಲ್ಲ ಪಾಯಸ ಕಾಯಿಸಿದ್ದರು. ಬೆಂಗಳೂರಿನಿಂದ ಅಧಿಕಾರಿಗಳು ಬಂದಿದ್ದರು. ಕಪ್ಪು ಮೈಯ ಜನ ಹೆಚ್ಚಿರುವ ದೂರದೇಶದ ಕಂಪಾಲಾ, ಸಾಲ್ವಡಾರ್ ನಗರಗಳ ವೈದ್ಯರು ತಮಗೂ ಇದೇ ಯಂತ್ರ ಬೇಕೆಂದು ಪರದೆಯ ಮೇಲೆ ಕಾದು ಕೂತಿದ್ದರು. ಯಂತ್ರದ ಬದಿಯಲ್ಲಿ ಊರಿನ ಇಬ್ಬರು ಹುಡುಗಿಯರು ಗತ್ತಿನಿಂದ ನಿಂತಿದ್ದರು. ಮೊದಲು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ದುಮಿಂಗಾ ಅಜ್ಜಿ ಅಧಿಕಾರಿಗಳನ್ನು ಸರಿಸಿಕೊಂಡು ಮುಂದೆ ಬಂದು ಗಾಜಿನ ಕಣ್ಣಿಗೆ ಕಣ್ಣಿಟ್ಟು ನಿಂತಳು.

ಯಂತ್ರ ತಿಣುಕಲಿಲ್ಲ. ಥಟ್ಟನೆ ದೀಪ ಹೊತ್ತಿಸಿತು. ಹಳದಿ.

ಹುಡುಗಿಯೊಬ್ಬಳು ಪರದೆ ನೋಡಿ ಅಳುಕುತ್ತ ಹೇಳಿದಳು. "ಅಜ್ಜೀ, ಸಕ್ಕರಿ ಕಾಯಿಲಿ ಐತಿ."

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಉದ್ಘಾಟನೆಯ ದಿನವೇ ಹೀಗಾಯಿತಲ್ಲ ಎಂದು ಚಪ್ಪಾಳೆಗೆಂದು ಎತ್ತಿದ ಅವರ ಕೈಗಳು ಅರ್ಧಕ್ಕೇ ನಿಂತವು. ಅಜ್ಜಿ ಹಳದಿ ದೀಪವನ್ನೇ ನೋಡುತ್ತಿದ್ದಳು. ಅವಳ ಮುಖ ನಿಧಾನಕ್ಕೆ ಅರಳಿತು. ಎರಡೂ ಕೈ ಮೇಲೆತ್ತಿ, ಊರಿಗೆ ಊರೇ ಕೇಳುವಂತೆ ಕೂಗಿದಳು.

"ಕೇಳಿದ್ರೇನ್ರೋ? ನಂಗೂ ರೋಗ ಐತಂತ! ಕಡಿಗೂ ನಾ ಕಂಡ್ನಿ ಇದಕ್ಕ!"

ಮೊದಲು ಇನಾಸಿನಾ ನಕ್ಕಳು, ಮಗುವನ್ನು ಕಂಕುಳಲ್ಲಿಟ್ಟುಕೊಂಡೇ. ಆಮೇಲೆ ಇಡೀ ಅಂಗಳ ಕೇಕೆ ಹಾಕಿತು. ಚಪ್ಪರದ ಕಂಬಗಳು ಅದುರುವಂತೆ ಚಪ್ಪಾಳೆ ಎದ್ದಿತು. ನತಾಲಿನಾ ಅಜ್ಜಿಯನ್ನು ತಬ್ಬಿಕೊಂಡಳು. ತಾನು ನಗುತ್ತಿದ್ದೇನೆಯೋ ಅಳುತ್ತಿದ್ದೇನೆಯೋ ಅವಳಿಗೇ ತಿಳಿಯಲಿಲ್ಲ. ಡಾ. ಮಧುಮತಿ ಹತ್ತಿರ ಬಂದು, ಇನ್ನು ಸಿಹಿ ಮುಟ್ಟಬಾರದು, ನಾಳೆಯೇ ಔಷಧಿ ಶುರುಮಾಡೋಣ ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದಳು.

"ಹೌದಲ್ಲ, ನಾಳೆ," ಎಂದಳು ದುಮಿಂಗಾ ಅಜ್ಜಿ, ಪಾಯಸದ ಹಂಡೆಯ ಕಡೆ ಕೈ ಚಾಚುತ್ತ. "ಇವತ್ತ ಹಬ್ಬ."

ಅವಳ ಹಿಂದೆ ಸಾಲು ಆಗಲೇ ಶಾಲೆಯ ಗೇಟು ದಾಟಿತ್ತು. ಹುಡುಗಿಯರು ಮುಂದಿನವರನ್ನು ಹೆಸರು ಹಿಡಿದು ಕರೆದರು.